ಟರ್ಕಿ ಬಿಡುವುದಾದರೆ ಮೇ ತಿಂಗಳಲ್ಲೇ ಬಿಡಿ

ಗಣೇಶನ ಹಬ್ಬ ಕಳೆದ ವಾರ ನನ್ನ ತಮ್ಮನ ಮಗ ಇಂಗ್ಲೆಂಡಿನಿಂದ ಫೋನ್ ಮಾಡಿದ್ದ. ಅಲ್ಲಿ ನಾರ್ಫೋಕ್ ಅನ್ನುವ ಸೀಮೆಯಲ್ಲಿ ಆಸ್ಪತ್ರೆ ಕೆಲಸದಲ್ಲಿದ್ದಾನೆ. ಮಳೆ, ಬೆಳೆ, ಸೊಸೈಟಿ ಸಾಲ ಎಲ್ಲಾ ವಿಚಾರಿಸಿದ ಮೇಲೆ ಕೇಳಿದ: 'ದೊಡ್ಡಪ್ಪ, ಪಕ್ಕದ ಮನೆ ಅಜ್ಜ ಅಜ್ಜಿ ಪ್ರತಿವರ್ಷ ಕ್ರಿಸ್‌ಮಸ್ ದಿನ ನಮ್ಮನ್ನ ಕರೆದು ಊಟಕ್ಕಿಕ್ಕೋರು. ಈಗ ಅಜ್ಜಿಗೆ ಕೈಲಾಗಲ್ಲ. ಈ ಸಲ ಅಡುಗೆ ನಮ್ಮನೇಲಿ. ಟರ್ಕಿ ಕೋಳಿ ಯಾರಿಗೂ ಬೇಡವಂತೆ, ಮಾಂಸ ಒಣಗಿ ಹೊಟ್ಟು ಥರ ಇರ್ತದೆ, ವಾರಗಟ್ಟಲೆ ಉಳೀತದೆ ಅಂತಾರೆ. ಅದರ ಬದಲು ಏನು ಮಾಡೋಣ ಹೇಳಿ.'

ನಾನು ನಕ್ಕುಬಿಟ್ಟೆ. ರಾಗಿ ಬೆಳೆಯೋನನ್ನ ಕೇಳುವ ಮಾತೇ ಇದು? ಆದರೆ ಫೋನ್ ಇಟ್ಟ ಮೇಲೆ ಯೋಚನೆ ಹತ್ತಿತು. ಅಲ್ಲಿನ ಪತ್ರಿಕೆಗಳು ವರ್ಷವರ್ಷವೂ ಇದೇ ಪ್ರಶ್ನೆ ಹಾಕಿಕೊಂಡು ಪುಟ ತುಂಬಿಸುತ್ತವಂತೆ: ಟರ್ಕಿ ಬೇಡವಾದರೆ ಮತ್ತೇನು? ಹೆಬ್ಬಾತೋ, ಬಾತುಕೋಳಿಯೋ, ಹಂದಿ ತೊಡೆಯೋ, ಕುರಿ ತೊಡೆಯೋ? ರುಚಿ ಹೇಗೆ, ಎಷ್ಟು ಹೊತ್ತು ಬೇಯಿಸಬೇಕು, ಎಷ್ಟು ಜನಕ್ಕಾದೀತು, ಎಲ್ಲಾ ಬರೆಯುತ್ತಾರೆ. ಸಾಕಿದವನ ಗತಿ ಏನು ಅಂತ ಕೇಳುವವರು ಕಡಿಮೆ. ಅದನ್ನು ನಾವಾದರೂ ಕೇಳೋಣ. ಹಬ್ಬದ ಒಂದೇ ದಿನ ನಂಬಿ ಸಾಲ ಎತ್ತಿ ಮಾಲು ತಯಾರು ಮಾಡುವ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಆಯುಧಪೂಜೆಗೆ ಅಂತ ಚೆಂಡುಹೂ ಹಾಕಿದವರು, ಬಕ್ರೀದ್‌ಗೆ ಅಂತ ಟಗರು ಕಟ್ಟಿ ಮೇಯಿಸಿದವರು ಈ ಪತ್ರಿಕೆ ಓದುವವರಲ್ಲೇ ಇದ್ದೀರಿ. ಆ ದಿನ ಕಳೆದ ಮಾರನೇ ಬೆಳಗ್ಗೆ ಅದೇ ಹೂವಿಗೆ ಮಾರುಕಟ್ಟೆಯಲ್ಲಿ ಏನು ಬೆಲೆ ಸ್ವಾಮಿ?

ಮೊದಲು ಆ ಹಕ್ಕಿಯ ವಿಚಾರ. ಟರ್ಕಿ ಕೋಳಿಗೂ ಟರ್ಕಿ ದೇಶಕ್ಕೂ ಸಂಬಂಧವಿಲ್ಲ. ಅದು ಮೆಕ್ಸಿಕೋದ ಮೂಲನಿವಾಸಿಗಳು ಸಾಕಿ ಪಳಗಿಸಿದ ಹಕ್ಕಿ. ಹದಿನಾರನೇ ಶತಮಾನದಲ್ಲಿ ಸ್ಪೇನಿನವರು ಹೊತ್ತು ತಂದರು. ಎಲ್ಲಿಂದ ಬಂತು ಅಂತ ಯಾರಿಗೂ ಸರಿಯಾಗಿ ತಿಳಿಯದೆ ಇಂಗ್ಲಿಷರು ಟರ್ಕಿ ಅಂದರು, ಟರ್ಕಿಯವರು 'ಹಿಂದಿ' ಅಂದರು, ಫ್ರೆಂಚರು ಇಂಡಿಯಾದ ಕೋಳಿ ಅಂದರು, ಡಚ್ಚರು ನಮ್ಮ ಪಕ್ಕದ ಕಲ್ಲಿಕೋಟೆಯ ಹೆಸರನ್ನೇ ಅದಕ್ಕೆ ಕಟ್ಟಿದರು. ಬೆಳೆಸಿದವನ ಹೆಸರು ಮಾತ್ರ ಯಾರೂ ಹೇಳಲಿಲ್ಲ.

ನನ್ನ ತಮ್ಮನ ಮಗ ಇರುವ ನಾರ್ಫೋಕೇ ಈ ಹಕ್ಕಿಯ ಹಳೇ ಸೀಮೆ. ಅಲ್ಲಿಂದ, ಪಕ್ಕದ ಸಫೋಕ್‌ನಿಂದ ಟರ್ಕಿಗಳನ್ನೂ ಹೆಬ್ಬಾತುಗಳನ್ನೂ ಲಂಡನ್ನಿಗೆ ಕಾಲ್ನಡಿಗೆಯಲ್ಲೇ ಹೊಡೆದುಕೊಂಡು ಹೋಗುತ್ತಿದ್ದರು. ಡೇನಿಯಲ್ ಡೆಫೋ 1724ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಲೆಕ್ಕವನ್ನೇ ಕೊಟ್ಟಿದ್ದಾನೆ: ಒಂದು ಹಂಗಾಮಿಗೆ ಒಂದೇ ಸೇತುವೆ ಮೇಲೆ ಮುನ್ನೂರು ಮಂದೆ, ಮಂದೆಗೆ ಸರಾಸರಿ ಐನೂರು, ಒಟ್ಟು 1,50,000 ಟರ್ಕಿ. ಕೊಯ್ಲಾದ ಹೊಲದ ಕೂಳೆಯಲ್ಲಿ ಉದುರಿದ ಕಾಳು ಮೇಯುತ್ತಾ ನಡೆಯುತ್ತಿದ್ದವು. ಹೆಬ್ಬಾತಿನ ಪಾದ ಸವೆಯದಿರಲಿ ಅಂತ ಟಾರು, ಮರಳು ಮೆತ್ತುತ್ತಿದ್ದರಂತೆ. ನಮ್ಮ ಎತ್ತಿಗೆ ಲಾಳ ಹೊಡೆಸಿದ ಹಾಗೆ.

ಆದರೆ ಆ ಕಾಲದಲ್ಲಿ ಬಡವನ ಕ್ರಿಸ್‌ಮಸ್ ಹಕ್ಕಿ ಹೆಬ್ಬಾತು. ಬಾತುಕೋಳಿಯ ಜಾತಿಯದೇ, ಅದಕ್ಕಿಂತ ದೊಡ್ಡದು. ಇದರ ಕತೆ ನಮ್ಮವರು ಕೇಳಬೇಕಾದ್ದು. ಸೆಪ್ಟೆಂಬರ್ 29ರ ಮೈಕೆಲ್‌ಮಸ್ ದಿನ ಅಲ್ಲಿನ ಗೇಣಿದಾರರು ಗೇಣಿ ಕಟ್ಟುವ ಗಡುವು. ಗೇಣಿ ದುಡ್ಡಿನ ಜೊತೆಗೆ ಕೂಳೆ ಮೇಯ್ದು ಕೊಬ್ಬಿದ ಒಂದು ಹೆಬ್ಬಾತನ್ನೂ ಧಣಿಯ ಮನೆಗೆ ಮುಟ್ಟಿಸುವ ಪದ್ಧತಿ ಇತ್ತು. ಧಣಿ ಮುಖ ಸಿಂಡರಿಸದಿರಲಿ ಅಂತ. ನಮ್ಮಲ್ಲಿ ಹಬ್ಬಕ್ಕೆ ಕುಂಬಳಕಾಯಿ, ಕೋಳಿ ಹೊತ್ತುಕೊಂಡು ಪಟೇಲರ ಜಗುಲಿ ಮುಂದೆ ನಿಲ್ಲುತ್ತಿದ್ದ ಗೇಣಿದಾರನಿಗೂ ಅವನಿಗೂ ಏನು ವ್ಯತ್ಯಾಸ? ಊರಿನ ಕೂಲಿಯವನ ಗತಿ ಇನ್ನೊಂದು ಬಗೆ. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಹೆಬ್ಬಾತು ಚೀಟಿ ನಡೆಯುತ್ತಿತ್ತು. ಹೆಂಡದಂಗಡಿಯಲ್ಲಿ ವಾರವಾರ ಕೆಲವು ಕಾಸು ಕಟ್ಟಿದರೆ ಕ್ರಿಸ್‌ಮಸ್‌ಗೆ ಒಂದು ಹಕ್ಕಿ. ಮನೆಯಲ್ಲಿ ಒಲೆ ಸಾಲದು, ರೊಟ್ಟಿ ಬೇಯಿಸುವವನ ಭಟ್ಟಿಗೆ ಕೊಟ್ಟು ಬೇಯಿಸಿಕೊಂಡು ಬರುವುದು. 1843ರಲ್ಲಿ ಡಿಕನ್ಸ್ ಬರೆದ ಕ್ರಿಸ್‌ಮಸ್ ಕತೆಯಲ್ಲಿ ಬಡ ಗುಮಾಸ್ತನ ಮನೆಗೆ ಬರುವುದು ಹೀಗೆ ಭಟ್ಟಿಯಲ್ಲಿ ಬೆಂದ ಹೆಬ್ಬಾತೇ. ಜಿಪುಣ ಸಾಹುಕಾರನ ಮನಸ್ಸು ಕರಗಿದ ಮೇಲೆ ಅವನು ಕಳಿಸುವುದು ಟರ್ಕಿ. ಟರ್ಕಿ ಆಗ ಸಾಹುಕಾರರ ಹಕ್ಕಿ.

ಅದು ಎಲ್ಲರ ತಟ್ಟೆಗೆ ಬಂದದ್ದು ಎರಡನೇ ಮಹಾಯುದ್ಧದ ಮೇಲೆ. ನಾರ್ಫೋಕಿನ ಬರ್ನಾರ್ಡ್ ಮ್ಯಾಥ್ಯೂಸ್ ಎಂಬಾತ 1950ರಲ್ಲಿ ಇಪ್ಪತ್ತು ಮೊಟ್ಟೆ, ಒಂದು ಸೀಮೆಎಣ್ಣೆ ಕಾವುಪೆಟ್ಟಿಗೆ ಕೊಂಡು ಶುರು ಮಾಡಿದವನು, ದೊಡ್ಡ ಕಂಪನಿಯನ್ನೇ ಕಟ್ಟಿದ. ಶೆಡ್ಡು, ಐಸಿನ ಪೆಟ್ಟಿಗೆ, ಹೊಸ ತಳಿ ಬಂದವು. ಬೆಲೆ ಇಳಿಯಿತು, ಬಡವನೂ ತಿಂದ. ಅದನ್ನು ತಪ್ಪು ಅನ್ನಲಾರೆ. ಆದರೆ ಈ ಹೊಸ ತಳಿಗೆ ಎದೆ ಎಷ್ಟು ದಪ್ಪ ಅಂದರೆ ತಾನಾಗಿ ಕೂಡಿ ಮರಿ ಮಾಡಲಾರದು, ಕೃತಕ ಗರ್ಭಧಾರಣೆಯೇ ಗತಿ. ತಾಯಿತಳಿ ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿದೆ. ಅಲ್ಲಿಗೆ ರೈತ ಪ್ರತಿ ವರ್ಷ ಮರಿ ಕೊಳ್ಳಲೇಬೇಕು. ಹೈಬ್ರಿಡ್ ಬೀಜದ ಅಂಗಡಿ ಮುಂದೆ ಸಾಲು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದೆ ದಪ್ಪವಾದದ್ದರಿಂದಲೇ ಇನ್ನೊಂದು ತೊಂದರೆ: ತೊಡೆ ಬೇಯುವಷ್ಟರಲ್ಲಿ ಎದೆ ಒಣಗುತ್ತದೆ. ಹೊಟ್ಟು ಥರ ಇರ್ತದೆ ಅಂತ ಹುಡುಗ ಹೇಳಿದ್ದು ಸುಳ್ಳಲ್ಲ.

ಈಗ ಸಣ್ಣ ಸಾಕಣೆದಾರನ ವರ್ಷ ನೋಡಿ. ಬೇಸಿಗೆಯಲ್ಲಿ ಮರಿ ತರುತ್ತಾನೆ. ಹಳೇ ಮಾದರಿಯ ಕಂಚುಬಣ್ಣದ ಅಥವಾ ಕರಿ ಟರ್ಕಿಯಾದರೆ ಐದಾರು ತಿಂಗಳು ಬಯಲಲ್ಲಿ ಬಿಟ್ಟು ಮೇಯಿಸುತ್ತಾನೆ. ಗೋಧಿ, ಸೋಯಾ ಹಿಂಡಿ ಸಾಲದ ಮೇಲೆ ಬರುತ್ತದೆ. ದುಡ್ಡು ಕೈಗೆ ಸಿಗುವುದು ಡಿಸೆಂಬರಿನ ಒಂದೆರಡು ವಾರದಲ್ಲಿ ಮಾತ್ರ. ಅಷ್ಟರೊಳಗೆ ಏನೆಲ್ಲಾ ಆಗಬಹುದು? 2021ರಲ್ಲಿ ಪುಕ್ಕ ಕೀಳಲು, ಕುಯ್ಯಲು ಆಳು ಸಿಗಲಿಲ್ಲ. ಯೂರೋಪಿನ ಒಕ್ಕೂಟ ಬಿಟ್ಟ ಮೇಲೆ ಬರುತ್ತಿದ್ದ ಕೂಲಿಯವರು ನಿಂತುಹೋಗಿದ್ದರು. ಸರ್ಕಾರ ಗಾಬರಿಬಿದ್ದು 5,500 ಕೋಳಿ ಕೆಲಸಗಾರರಿಗೆ ತಾತ್ಕಾಲಿಕ ವೀಸಾ ಅಂತ ಘೋಷಿಸಿತು. 2022ರ ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಹೊತ್ತಿಕೊಂಡು ಗೋಧಿ ದರ ಏರಿತು, ಫೀಡು ದುಬಾರಿಯಾಯಿತು. ಅದೇ ವರ್ಷ ಹಕ್ಕಿಜ್ವರ. ಬಯಲಲ್ಲಿ ಬೆಳೆದ ಹನ್ನೆರಡು ಹದಿಮೂರು ಲಕ್ಷ ಟರ್ಕಿಗಳಲ್ಲಿ ಸುಮಾರು ಆರು ಲಕ್ಷ ಕ್ರಿಸ್‌ಮಸ್‌ಗೆ ಮುಂಚೆಯೇ ಸತ್ತವು ಅಥವಾ ಕೊಲ್ಲಿಸಿದರು ಅಂತ ಅಲ್ಲಿನ ಕೋಳಿ ಉದ್ಯಮದವರೇ ಪಾರ್ಲಿಮೆಂಟಿನ ಸಮಿತಿ ಮುಂದೆ ಹೇಳಿದರು. ಪರಿಹಾರದ ನಿಯಮ ಕೇಳಿ: ಕೊಲ್ಲುವ ಹೊತ್ತಿಗೆ ಆರೋಗ್ಯವಾಗಿ ಬದುಕಿರುವ ಹಕ್ಕಿಗೆ ಮಾತ್ರ ದುಡ್ಡು, ರೋಗ ಬಂದು ಸತ್ತದ್ದಕ್ಕೆ ಇಲ್ಲ. ಅಧಿಕಾರಿಗಳು ಬರುವುದು ನಾಲ್ಕು ದಿನ ತಡವಾದರೆ ಪರಿಹಾರವೂ ಸತ್ತ ಹಾಗೆ. ರೈತರು ಕೂಗಾಡಿದ ಮೇಲೆ ಆ ವರ್ಷದ ಅಕ್ಟೋಬರಿನಲ್ಲಿ ನಿಯಮ ಸ್ವಲ್ಪ ಸಡಿಲವಾಯಿತು. ಬೆಳೆನಷ್ಟದ ಪಂಚನಾಮೆಗೆ ಕಾದು ಕೂತವರಿಗೆ ಇದೆಲ್ಲಾ ಕೇಳಿದ ರಾಗವೇ.

ಇಂಥವನು ಡಿಸೆಂಬರ್ ಮೊದಲ ವಾರ ಐನೂರು ಹಕ್ಕಿ ಇಟ್ಟುಕೊಂಡು ಕೂತಿರುವಾಗ ಪಟ್ಟಣದವನು ಪೇಪರ್ ಓದಿ 'ಈ ಸಲ ಟರ್ಕಿ ಬೇಡಪ್ಪ, ಬೇರೇನಾದರೂ ತಿನ್ನೋಣ' ಅಂದರೆ ಏನಾಗುತ್ತದೆ? ಪಟ್ಟಣದವನಿಗೆ ಅದು ಒಂದು ಊಟದ ಬದಲಾವಣೆ. ಸಾಕಿದವನಿಗೆ ಜೂನ್ ತಿಂಗಳ ಸಾಲ. ನಮ್ಮಲ್ಲಿ ಹಬ್ಬಕ್ಕೆ ಪ್ಲಾಸ್ಟಿಕ್ ಹೂ ಬಂದು ಚೆಂಡುಹೂ ಬೆಳೆದವನು ಕೈಸುಟ್ಟುಕೊಂಡ ಹಾಗೆ. ನನ್ನ ಅಭಿಪ್ರಾಯ ಇಷ್ಟೇ: ಟರ್ಕಿ ಬಿಡುವವರು ಬಿಡಲಿ, ಅದರಲ್ಲಿ ತಪ್ಪಿಲ್ಲ. ಆದರೆ ಮರಿ ಹಾಕುವುದಕ್ಕೆ ಮುಂಚೆ, ಮೇ ತಿಂಗಳಲ್ಲೇ ಹೇಳಿ ಬಿಡಲಿ.

ಬದಲಿಗೆ ಏನು ಅನ್ನುವುದರಲ್ಲೂ ಎಚ್ಚರ ಬೇಕು. ದೊಡ್ಡ ಅಂಗಡಿಯ ಬ್ರಾಯ್ಲರ್ ತಂದರೆ ಹಕ್ಕಿ ಬದಲಾಯಿತು, ಕೈ ಬದಲಾಗಲಿಲ್ಲ. ಬ್ರಾಯ್ಲರ್ ಕಾಂಟ್ರಾಕ್ಟ್ ನಮಗೇ ಗೊತ್ತಲ್ಲ: ಮರಿ ಕಂಪನಿಯದು, ಫೀಡು ಕಂಪನಿಯದು, ಶೆಡ್ಡು, ಕರೆಂಟು, ಬ್ಯಾಂಕ್ ಸಾಲ ನಮ್ಮದು. ಜಪಾನಿನಲ್ಲಿ ಆದದ್ದು ಇನ್ನೂ ತಮಾಷೆ. ಅಲ್ಲಿ ಟರ್ಕಿ ಸಿಗುವುದು ಅಪರೂಪ. 1974ರಲ್ಲಿ ಅಮೆರಿಕದ ಕೆಂಟಕಿ ಕಂಪನಿ ದೇಶದ ತುಂಬಾ ಪ್ರಚಾರ ಮಾಡಿ ತನ್ನ ಕರಿದ ಕೋಳಿಯನ್ನೇ ಕ್ರಿಸ್‌ಮಸ್ ಊಟ ಮಾಡಿಬಿಟ್ಟಿತು. ಈಗ ಜನ ವಾರಗಟ್ಟಲೆ ಮೊದಲೇ ಹೆಸರು ಬರೆಸುತ್ತಾರೆ. ಇದೇ ಕಂಪನಿಯ ಬೆಂಗಳೂರಿನ ಅಂಗಡಿಗೆ 1996ರ ಜನವರಿಯಲ್ಲಿ ನಮ್ಮ ರೈತರು ನುಗ್ಗಿದ್ದು ಹಿರಿಯ ಓದುಗರಿಗೆ ನೆನಪಿರಬೇಕು. ಪೋಲೆಂಡ್, ಜೆಕ್ ದೇಶದವರು ಮಾತ್ರ ಹಬ್ಬದ ಹಿಂದಿನ ರಾತ್ರಿ ಗೆಂಡೆ ಮೀನು ತಿನ್ನುತ್ತಾರೆ, ನಮ್ಮ ಕೆರೆಗೆ ಬಿಡುವ ಅದೇ ಗೆಂಡೆ. ಬೀದಿಬದಿ ತೊಟ್ಟಿಯಲ್ಲಿ ಜೀವಂತ ಮಾರುತ್ತಾರೆ. ನಮ್ಮ ಮಂಗಳೂರಿನ ಕ್ರೈಸ್ತ ಬಂಧುಗಳಿಗಂತೂ ಹಂದಿ ಮಾಂಸ, ಸಣ್ಣ, ಕುಸ್ವಾರ್ ಇದ್ದಮೇಲೆ ಟರ್ಕಿಯ ಹಂಗೇ ಬಿದ್ದಿಲ್ಲ.

ನಾರ್ಫೋಕಿನಲ್ಲಿ ಕೂತವನಿಗೆ ನಾನು ಹೇಳುವುದಾದರೆ ಹೆಬ್ಬಾತು. ಅದು ಮೊಟ್ಟೆಯಿಡುವುದು ವಸಂತದಲ್ಲಿ ಮಾತ್ರ, ಹೆಚ್ಚು ಹುಲ್ಲು ಮೇಯ್ದೇ ಬೆಳೆಯುತ್ತದೆ, ಶೆಡ್ಡಿನಲ್ಲಿ ಸಾವಿರಗಟ್ಟಲೆ ಕೂಡಿಹಾಕುವುದಕ್ಕೆ ಒಗ್ಗುವುದಿಲ್ಲ. ಅದಕ್ಕೇ ಕಂಪನಿಗಳು ಅದನ್ನು ಅಷ್ಟಾಗಿ ಮುಟ್ಟಿಲ್ಲ. ಬೆಲೆ ಜಾಸ್ತಿ, ಎಲುಬು ಜಾಸ್ತಿ, ಐದು ಕೆ.ಜಿ.ಯ ಹಕ್ಕಿ ಆರು ಜನಕ್ಕಾದರೆ ಹೆಚ್ಚು. ಆದರೆ ಇಳಿಯುವ ಕೊಬ್ಬನ್ನು ಜಾಡಿಯಲ್ಲಿ ತುಂಬಿಟ್ಟುಕೊಂಡು ತಿಂಗಳುಗಟ್ಟಲೆ ಆಲೂಗೆಡ್ಡೆ ಹುರಿಯುತ್ತಾರೆ. ಅಷ್ಟು ದುಡ್ಡಿಲ್ಲದಿದ್ದರೆ ಊರಿನ ಕಟುಕನ ಹತ್ತಿರ ಕುರಿ ತೊಡೆ. ಕುರಿ ಸಾಕುವವನಿಗೆ ವರ್ಷವಿಡೀ ಗಿರಾಕಿ ಇರುತ್ತದೆ, ಒಂದೇ ದಿನಕ್ಕೆ ಅವನ ಕುತ್ತಿಗೆ ಸಿಕ್ಕಿಕೊಂಡಿರುವುದಿಲ್ಲ. ಎಲ್ಲಿಯದು ಅಂತ ಕೇಳಿ ತರಬೇಕು, ಅಷ್ಟೆ. ನ್ಯೂಜಿಲೆಂಡಿನ ಜೊತೆ ಮಾಡಿಕೊಂಡ ಒಪ್ಪಂದ 2023ರ ಮೇ 31ರಿಂದ ಜಾರಿಗೆ ಬಂದು ಸುಂಕವಿಲ್ಲದ ಕುರಿಮಾಂಸಕ್ಕೆ ಬಾಗಿಲು ಇನ್ನಷ್ಟು ತೆರೆದಿದೆ, ಅಲ್ಲಿನ ಗುಡ್ಡಗಾಡಿನ ಕುರಿಗಾರರು ಬೇಡಬೇಡವೆಂದರೂ. ಪಕ್ಕಕ್ಕೆ ಬಡಿಸುವ ತರಕಾರಿಯ ಕತೆಯೂ ಇಷ್ಟೇ. ದೊಡ್ಡ ಅಂಗಡಿಗಳು ಗಿರಾಕಿ ಎಳೆಯಲು ಹಬ್ಬದ ವಾರ ಕ್ಯಾರೆಟ್, ಆಲೂಗೆಡ್ಡೆ ಚೀಲವನ್ನು 15 ಪೆನ್ಸ್‌ಗೆ, ಅದಕ್ಕೂ ಕಡಿಮೆಗೆ ಮಾರಿವೆ. ನಮ್ಮ ದುಡ್ಡಿನಲ್ಲಿ ಇಪ್ಪತ್ತು ರೂಪಾಯಿಯೊಳಗೆ. ನಷ್ಟ ನಮ್ಮದೇ, ರೈತನದಲ್ಲ ಅನ್ನುತ್ತಾರೆ. ಇರಬಹುದು. ಜನವರಿಯಲ್ಲಿ ನ್ಯಾಯವಾದ ಬೆಲೆ ಕೇಳಿದರೆ ಗಿರಾಕಿ ಮುಖ ತಿರುಗಿಸುವುದು ಯಾರ ಮೇಲೆ?

ಇದೆಲ್ಲಾ ಬರೆದಿಟ್ಟುಕೊಂಡು ಹುಡುಗನಿಗೆ ಫೋನ್ ಮಾಡಿದೆ. ಮೊದಲೇ ಕೇಳಬೇಕಾದ್ದನ್ನು ಆಗ ಕೇಳಿದೆ: 'ಇಷ್ಟು ವರ್ಷ ಅಜ್ಜ ಟರ್ಕಿ ಎಲ್ಲಿಂದ ತರ್ತಿದ್ದ? ಐಸಿನ ಪೆಟ್ಟಿಗೆಯಿಂದಲೋ, ರೈತನ ಹತ್ತಿರವೋ?' ಐಸಿನದಾಗಿದ್ದರೆ ಈಗಲೇ ಬಿಟ್ಟುಬಿಡು ಅನ್ನುವವನಿದ್ದೆ, ತಿಂಗಳುಗಳ ಹಿಂದೆಯೇ ಕುಯ್ದು ಇಟ್ಟದ್ದಕ್ಕೆ ನಮ್ಮ ಮುಲಾಜೇನು? ಆದರೆ ಅಜ್ಜ ಮೂವತ್ತು ವರ್ಷದಿಂದ ಪಕ್ಕದ ಹಳ್ಳಿಯ ಒಬ್ಬನೇ ರೈತನ ಹತ್ತಿರ ತರುತ್ತಿದ್ದನಂತೆ. ಅಕ್ಟೋಬರಿನಲ್ಲಿ ಮುಂಗಡ ಕೊಟ್ಟು ಬೆಲೆ ಮಾತಾಡಿ ಬರುವುದು, ಡಿಸೆಂಬರಿನಲ್ಲಿ ಹೋಗಿ ತರುವುದು. ಮಧ್ಯೆ ದಲ್ಲಾಳಿ ಇಲ್ಲ, ಸೂಟು ಇಲ್ಲ, ತೂಕದಲ್ಲಿ ಮೋಸ ಇಲ್ಲ. ಆ ರೈತನ ಹತ್ತಿರ ಹೆಬ್ಬಾತೂ ಉಂಟಂತೆ, ಆದರೆ ಈ ವರ್ಷದ್ದೆಲ್ಲಾ ಬೇರೆಯವರು ಹೇಳಿಟ್ಟಿದ್ದಾರೆ.

'ಹಂಗಾದ್ರೆ ಮಗಾ, ಈ ಸಲ ಅಜ್ಜನ ಲೆಕ್ಕದ ಟರ್ಕಿ ತಗೊ. ಹೆಣ್ಣುಹಕ್ಕಿ ಚಿಕ್ಕದಿರ್ತದೆ, ಅದನ್ನೇ ಕೇಳು. ಮುಂದಿನ ವರ್ಷಕ್ಕೆ ಹೆಬ್ಬಾತು ಬೇಕು ಅಂತ ಜನವರೀಲೇ ಹೇಳಿ ಬಾ, ಮರಿ ಹಾಕೋಕೆ ಮುಂಚೆ' ಅಂದೆ. 'ಎದೆ ಒಣಗ್ತದಲ್ಲ ದೊಡ್ಡಪ್ಪ?' ಅಂದ. ತೊಡೆ ಬೇರೆ, ಎದೆ ಬೇರೆ ಮಾಡಿ ಬೇಯಿಸು, ತೊಡೆ ಮೊದಲು ಒಲೆಗೆ ಹೋಗಲಿ. ಎಲುಬು ಉಳಿದರೆ ಸಾರಿಗಿಡು. ನಿಮ್ಮ ದೊಡ್ಡಮ್ಮ ಖಾರದಪುಡಿ ಕುಟ್ಟಿಸಿದ್ದಾಳೆ, ಮುಂದಿನ ವಾರ ಪಾರ್ಸೆಲ್ ಹಾಕ್ತೀವಿ. ಅಜ್ಜಿಗೆ ಮಾತ್ರ ಖಾರ ಕಮ್ಮಿ ಹಾಕು.