ಲಗತ್ತು: ಅಪ್ಪನ ಸಾವು

‘ನೆವರ್ ಹ್ಯಾವ್ ಐ ಎವರ್’ ಸರಣಿಯ ಕೊನೆಯ ಸೀಸನ್ ಬಗ್ಗೆ ಮಾತು ತೆಗೆದರೆ ಸಾಕು, ಚರ್ಚೆ ಒಂದೇ ಕಡೆ ಹೋಗಿ ನಿಲ್ಲುತ್ತದೆ: ದೇವಿ ಬೆನ್‌ನನ್ನು ಆರಿಸಿಕೊಂಡದ್ದು ಸರಿಯೋ, ಪ್ಯಾಕ್ಸ್‌ಟನ್‌ನನ್ನು ಬಿಟ್ಟದ್ದು ತಪ್ಪೋ? ನನಗೆ ಇದು ಜಗಳವಾಡುವಷ್ಟು ದೊಡ್ಡ ವಿಷಯ ಅನ್ನಿಸುವುದಿಲ್ಲ. ಹದಿನೆಂಟರ ಹುಡುಗಿ ಯಾರನ್ನು ಮೆಚ್ಚಿದರೂ ಅದು ಅವಳಿಷ್ಟ. ಜಗಳವಾಡಬೇಕಾದ ವಿಷಯ ಬೇರೆಯೇ ಇದೆ. ಮೂರು ಸೀಸನ್ ಉದ್ದಕ್ಕೂ ಯಾವ ದುಃಖವನ್ನು ಈ ಸರಣಿ ಯಾರ ಕೈಗೂ ಸಿಗದ ಹಾಗೆ ಕಾಪಾಡಿಕೊಂಡು ಬಂದಿತ್ತೋ, ಅದನ್ನೇ ಕೊನೆಯಲ್ಲಿ ಕಾಲೇಜು ಅರ್ಜಿಗೆ ಲಗತ್ತಿಸಿ ಸೀಟು ಪಡೆಯಿತು. ನಾವು ಅದಕ್ಕೆ ಚಪ್ಪಾಳೆ ತಟ್ಟಿದೆವು.

ನೋಡದವರಿಗಾಗಿ ನಾಲ್ಕು ಮಾತು. ಮಿಂಡಿ ಕೇಲಿಂಗ್ ಮತ್ತು ಲ್ಯಾಂಗ್ ಫಿಶರ್ ರೂಪಿಸಿದ ಈ ಸರಣಿ 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಶುರುವಾಗಿ, 2023ರ ಜೂನ್ 8ರಂದು ನಾಲ್ಕನೇ ಸೀಸನ್‌ನೊಂದಿಗೆ ಮುಗಿಯಿತು. ಒಟ್ಟು 40 ಕಂತು. ಲಾಸ್ ಏಂಜಲಿಸ್‌ನ ಶರ್ಮನ್ ಓಕ್ಸ್‌ನಲ್ಲಿರುವ ತಮಿಳು ಮನೆತನದ ಹುಡುಗಿ ದೇವಿ ವಿಶ್ವಕುಮಾರ್. ಶಾಲೆಯ ಸಂಗೀತ ಕಾರ್ಯಕ್ರಮದಲ್ಲಿ ಅವಳು ಹಾರ್ಪ್ ನುಡಿಸುತ್ತಿರುವಾಗಲೇ ಅಪ್ಪ ಮೋಹನ್ ಕುಸಿದು ಬೀಳುತ್ತಾರೆ, ಬದುಕುವುದಿಲ್ಲ. ಆಮೇಲೆ ಮೂರು ತಿಂಗಳು ಅವಳ ಕಾಲುಗಳಲ್ಲಿ ಶಕ್ತಿಯೇ ಇರುವುದಿಲ್ಲ. ಕಥೆ ಹೇಳುವ ದನಿ ಟೆನಿಸ್ ಆಟಗಾರ ಜಾನ್ ಮೆಕೆನ್ರೋ ಅವರದು. ಸಿಟ್ಟಿಗೆ ಹೆಸರಾದ ಆ ಮನುಷ್ಯನ ದನಿಯಲ್ಲಿ ಈ ಹುಡುಗಿಯ ಸಿಟ್ಟನ್ನು ಕೇಳಿಸಿದ್ದು ಸರಣಿಯ ಜಾಣತನ. ದೇವಿಯ ದುಃಖ ಅಳುವಾಗಿ ಹೊರಬರುತ್ತಿರಲಿಲ್ಲ. ಸುಳ್ಳಾಗಿ, ಕೂಗಾಟವಾಗಿ, ಗೆಳತಿಯರಿಗೆ ಮಾಡುವ ಮೋಸವಾಗಿ ಬರುತ್ತಿತ್ತು. ಅದಕ್ಕೇ ಅದು ನಿಜವೆನಿಸುತ್ತಿತ್ತು.

ಈಗ ಮೊದಲ ಸೀಸನ್‌ನ ಗಣೇಶ ಪೂಜೆಯ ಕಂತನ್ನು ನೆನಪಿಸಿಕೊಳ್ಳಿ. ಅಲ್ಲೊಬ್ಬ ಕಾಲೇಜು ಸಲಹೆಗಾರ ಬರುತ್ತಾನೆ. ಚೆನ್ನಾಗಿ ಓದುವ ಭಾರತೀಯ ಮಕ್ಕಳನ್ನು ಸಾಕಷ್ಟು ಕಂಡವನು. ದೇವಿಯನ್ನು ನೋಡಿ ಅವನಿಗೆ ಏನೂ ಅನ್ನಿಸುವುದಿಲ್ಲ. ಅಪ್ಪ ಸತ್ತದ್ದು, ಕಾಲು ಸೋತದ್ದು ಗೊತ್ತಾದ ಕೂಡಲೇ ಅವನ ಮುಖ ಅರಳುತ್ತದೆ. ಅದನ್ನೇ ಪ್ರಬಂಧ ಮಾಡು, ಸೀಟು ಸಿಕ್ಕಂತೆಯೇ ಎಂಬ ಧಾಟಿ. ದೇವಿ ಅವನ ಮೇಲೆ ಹರಿಹಾಯುತ್ತಾಳೆ. ನಾವು ಅವಳ ಪಕ್ಷ ವಹಿಸುತ್ತೇವೆ. ಸರಣಿಯೂ ಅವಳ ಪಕ್ಷವೇ ಆಗಿತ್ತು.

ಕೊನೆಯ ಸೀಸನ್‌ನಲ್ಲಿ ಆದದ್ದೇನು? ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳಿಗೆ ಮಾತ್ರ ಅರ್ಜಿ ಹಾಕಿದ ದೇವಿಗೆ ಎಲ್ಲ ಕಡೆ ಬಾಗಿಲು ಮುಚ್ಚುತ್ತದೆ. ಪ್ರಿನ್ಸ್‌ಟನ್‌ನ ಕಾಯುವ ಪಟ್ಟಿ ಮಾತ್ರ ಉಳಿಯುತ್ತದೆ. ಆಗ ಅವಳು ಅಪ್ಪನ ಬಗ್ಗೆ ಬರೆಯುತ್ತಾಳೆ. ಪ್ರಿನ್ಸ್‌ಟನ್ ಬಾ ಎನ್ನುತ್ತದೆ. ಮೊದಲ ಸೀಸನ್‌ನಲ್ಲಿ ನಾವು ನಕ್ಕು ಅಟ್ಟಿದ ಸಲಹೆಗಾರನನ್ನು ನಾಲ್ಕನೇ ಸೀಸನ್ ಕರೆದು ಮಣೆ ಹಾಕಿ ಕೂರಿಸಿತು.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ‘ಆಗ ಯಾರೋ ಹೇಳಿದ್ದರು, ಈಗ ಅವಳೇ ಮನಸ್ಸು ಮಾಡಿದಳು. ಇಷ್ಟು ವರ್ಷ ಆಡಲಾಗದ ಮಾತನ್ನು ಕೊನೆಗೂ ಆಡಿದಳು. ಇದು ಗುಣವಾಗುವ ಬಗೆ.’ ಈ ವಾದ ಹಗುರವಾದದ್ದಲ್ಲ. ಬರೆದದ್ದರ ಬಗ್ಗೆ ನನ್ನ ತಕರಾರೂ ಇಲ್ಲ. ಆದರೆ ಯಾರಿಗೆ ಬರೆದಳು? ಮೊದಲ ಸೀಸನ್‌ನ ಕೊನೆಯಲ್ಲಿ ಅಮ್ಮ ನಳಿನಿಯೊಂದಿಗೆ ಸಮುದ್ರದ ದಡಕ್ಕೆ ಹೋಗಿ ಅಪ್ಪನ ಚಿತಾಭಸ್ಮ ಬಿಡುವಾಗ ದೇವಿಗೆ ಅದರಿಂದ ಏನೂ ಸಿಗಲಿಲ್ಲ. ಅಮ್ಮ ಸಿಕ್ಕಳು, ಅಷ್ಟೇ. ಆ ದೃಶ್ಯದ ಶಕ್ತಿ ಇರುವುದೇ ಅಲ್ಲಿ. ಇಲ್ಲಿ ಕೇಳಿಸಿಕೊಳ್ಳುವವರು ಅಳೆದು ತೂಗಿ ಅಂಕ ಹಾಕುವ ಸಮಿತಿಯವರು. ಅದೇ ಪ್ರಬಂಧ ಬರೆದ ಮೇಲೂ ಪ್ರಿನ್ಸ್‌ಟನ್ ಬೇಡ ಎಂದಿದ್ದರೆ, ಅಥವಾ ಬರೆದು ಅವಳು ಕಳಿಸದೇ ಇದ್ದಿದ್ದರೆ, ಆ ಬರಹ ಅವಳದಾಗಿಯೇ ಉಳಿಯುತ್ತಿತ್ತು.

ಹಾಗೆ ಮಾಡುವ ಧೈರ್ಯ ಬರಹಗಾರರಿಗೆ ಇರಲಿಲ್ಲ ಎನ್ನುವಂತಿಲ್ಲ. ಗೆಳತಿ ಫ್ಯಾಬಿಯೋಲಾ ಕೈಗೆ ಬಂದ ಪ್ರಿನ್ಸ್‌ಟನ್ ಬಿಟ್ಟು ಹೋವರ್ಡ್‌ಗೆ ಹೋಗುತ್ತಾಳೆ. ಅಜ್ಜಿ ನಿರ್ಮಲಾ ಇಳಿವಯಸ್ಸಿನಲ್ಲಿ ಲೆನ್‌ನನ್ನು ಮದುವೆಯಾಗುತ್ತಾಳೆ. ವಿಧವೆ ಅಜ್ಜಿಯ ಮದುವೆಯನ್ನು ಇಷ್ಟು ಹಗುರಾಗಿ, ಇಷ್ಟು ಖುಷಿಯಾಗಿ ತೋರಿಸಿದ್ದಕ್ಕೆ ನಾನು ಈ ಸೀಸನ್‌ಗೆ ಕೈ ಮುಗಿಯುತ್ತೇನೆ. ಸುತ್ತಲಿನವರಿಗೆಲ್ಲ ದಾರಿ ಬದಲಿಸಲು ಅವಕಾಶ ಕೊಟ್ಟ ಸರಣಿ, ದೇವಿಯ ಪ್ರಿನ್ಸ್‌ಟನ್ ಕನಸನ್ನು ಮಾತ್ರ ಒಮ್ಮೆಯೂ ಗಟ್ಟಿಯಾಗಿ ಪ್ರಶ್ನಿಸಲಿಲ್ಲ. ವಲಸೆ ಹೋದ ಭಾರತೀಯ ಮನೆಗಳ ಬಗ್ಗೆ ಏನೆಲ್ಲ ತಮಾಷೆ ಮಾಡಿದ ಇದು, ಆ ಮನೆಗಳ ದೊಡ್ಡ ದೇವರ ಮುಂದೆ ಮಾತ್ರ ಚಪ್ಪಲಿ ಬಿಟ್ಟು ನಿಂತಿತು.

ಇದು ಟಿವಿಯ ಮಾತು ಎಂದು ಬಿಟ್ಟುಬಿಡಲಾಗದು. ಸೀಸನ್ ಬಂದ ಮೂರು ವಾರಕ್ಕೆ, 2023ರ ಜೂನ್ 29ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ತಳ್ಳಿಹಾಕಿತು. ಆದರೆ ಜನಾಂಗ ತನ್ನ ಬಾಳನ್ನು ಹೇಗೆ ತಟ್ಟಿದೆ ಎಂದು ವಿದ್ಯಾರ್ಥಿಯೇ ಪ್ರಬಂಧದಲ್ಲಿ ಬರೆದರೆ ಅದನ್ನು ಗಮನಿಸಬಹುದು ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ತೀರ್ಪಿನಲ್ಲೇ ಬರೆದರು. ಅಂದರೆ ವ್ಯವಸ್ಥೆ ಲೆಕ್ಕ ಇಡಬೇಕಿದ್ದ ಅನ್ಯಾಯವನ್ನು ಹದಿನೇಳರ ಹುಡುಗ ಹುಡುಗಿಯರು ತಮ್ಮ ಗಾಯ ತೋರಿಸಿ ಸಾಬೀತು ಮಾಡಬೇಕಾಯಿತು. ಅಲ್ಲಿ ಬಹಳಷ್ಟು ಕಾಲೇಜುಗಳು ಬಳಸುವ ‘ಕಾಮನ್ ಆ್ಯಪ್’ ಅರ್ಜಿಯ ಮುಖ್ಯ ಪ್ರಬಂಧಕ್ಕೆ ಮಿತಿ 650 ಪದ. ಗಾಯ ಅಷ್ಟರಲ್ಲಿ ಹಿಡಿಸಬೇಕು, ಕೊನೆಯ ಪ್ಯಾರಾದಲ್ಲಿ ಮಾಯಬೇಕು.

ಹೊರದೇಶಕ್ಕೆ ಅರ್ಜಿ ಹಾಕುವ ನಮ್ಮ ಹುಡುಗರಿಗೂ ಇದು ದೂರದ ಸಂಗತಿಯಲ್ಲ. ಎಸ್‌ಒಪಿ ತಿದ್ದಿಕೊಡಿ ಎಂದು ಬಂದ ವಿದ್ಯಾರ್ಥಿನಿಯೊಬ್ಬಳಿಗೆ ಕನ್ಸಲ್ಟೆನ್ಸಿಯವರು ‘ಮನೇಲಿ ಏನಾದ್ರೂ ಕಷ್ಟ ಆಗಿದ್ಯಾ? ಇದ್ರೆ ಹಾಕಿ, ಚೆನ್ನಾಗಿರತ್ತೆ’ ಅಂದಿದ್ದರಂತೆ. ‘ಏನೂ ಆಗಿಲ್ಲ ಸರ್, ಏನ್ ಬರೀಲಿ?’ ಎಂದು ಅವಳು ಕೇಳಿದಳು. ಕಷ್ಟ ಬಾರದಿದ್ದಕ್ಕೆ ಒಬ್ಬ ಹುಡುಗಿ ಕೀಳರಿಮೆ ಪಡುವ ಹಾಗೆ ಮಾಡಿಟ್ಟಿದ್ದೇವೆ.

ಇನ್ನು ಕಷ್ಟ ಬಂದವರ ಪಾಡು ಇದಕ್ಕಿಂತ ಕೆಟ್ಟದ್ದು. ಅಪ್ಪನ ಬಗ್ಗೆ ಬರೆದೂ ಸೀಟು ಸಿಗದ ಹುಡುಗಿ ಏನೆಂದುಕೊಳ್ಳಬೇಕು? ತನ್ನ ದುಃಖದ ಗುಣಮಟ್ಟ ಸಾಲಲಿಲ್ಲವೆಂದೇ? ಪ್ರಿನ್ಸ್‌ಟನ್‌ನಲ್ಲಿ ನೂರು ಅರ್ಜಿಗೆ ಹತ್ತು ಜನರಿಗೂ ಸೀಟು ಸಿಗುವುದಿಲ್ಲ. ಉಳಿದವರ ಪ್ರಬಂಧಗಳಲ್ಲೂ ಅಪ್ಪಂದಿರು ಸತ್ತಿರುತ್ತಾರೆ.

ಓದುವ ವಯಸ್ಸಿನಲ್ಲಿರುವ ಗೆಳೆಯರಿಗೆ ನಾನು ಹೇಳುವುದಿಷ್ಟು. ಬರೆಯಬೇಕೆನಿಸಿದರೆ ಬರೆಯಿರಿ, ಎಷ್ಟು ಪದವಾದರೂ ಸರಿ. ಅದು ನಿಮ್ಮ ಡೈರಿಯಲ್ಲಿರಲಿ, ಅಮ್ಮನಿಗೆ ಬರೆದ ಕಾಗದದಲ್ಲಿರಲಿ, ಕಥೆಯಾಗಲಿ. ಅರ್ಜಿಯಲ್ಲಿ ಗಣಿತದ ಬಗ್ಗೆ ಬರೆಯಿರಿ.