ಮೊದಲ ಬೆಳೆಗಾರರ ನೆಲ ನಮಗೇನು ಹೇಳುತ್ತದೆ?



ಬಾಬಾಬುಡನ್‌ಗಿರಿಗೆ ಹೋಗದವರು ನಮ್ಮ ಸಂಘದಲ್ಲಿ ವಿರಳ. ಹರಕೆಗೋ, ಮಂಜು ನೋಡುವುದಕ್ಕೋ ಎಲ್ಲರೂ ಒಮ್ಮೆ ಹೋಗಿ ಬಂದವರೇ. ಆದರೆ ಬೆಳೆಗಾರನ ಕಣ್ಣಿನಿಂದ ಆ ಗಿರಿಯನ್ನು ನೋಡಿದವರು ಎಷ್ಟು ಮಂದಿ? ಇತ್ತೀಚೆಗೆ ನಾವು ಐವರು ಸ್ನೇಹಿತರು, ಇಬ್ಬರು ಕಾಫಿಯವರು, ಮೂವರು ಅಡಿಕೆಯವರು, ಬೆಳಗಿನ ಜಾವ ಹಿರೇನಲ್ಲೂರಿನಿಂದ ಹೊರಟು, ಗಿರಿಯನ್ನೂ ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯನ್ನೂ ನೋಡಿ ರಾತ್ರಿ ಹಿಂದಿರುಗಿದೆವು. ಇಂಥ ಪ್ರವಾಸವನ್ನು ಸಂಘವೇ ವರ್ಷಕ್ಕೊಮ್ಮೆ ಏರ್ಪಡಿಸಬೇಕೆಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ತಮ್ಮ ಮುಂದಿಡುತ್ತೇನೆ.

ಈ ಇತಿಹಾಸ ನಮ್ಮ ಮನೆಬಾಗಿಲಿನಿಂದಲೇ ಆರಂಭವಾಗುತ್ತದೆ. 1947ರವರೆಗೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರು. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಅಲ್ಲಿಯವರೆಗೆ ಗಿರಿಯ ಕಾಫಿಗೆ ಹತ್ತಿರದ ರೈಲು ನಿಲ್ದಾಣ ಕಡೂರೇ.

17ನೇ ಶತಮಾನದಲ್ಲಿ ಬಾಬಾಬುಡನ್ ಯೆಮನ್ ದೇಶದಿಂದ ಏಳು ಬೀಜ ತಂದು ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿ ಎಲ್ಲರಿಗೂ ಗೊತ್ತು. ಅನಂತರದ ಕಥೆ ಅಷ್ಟು ಪ್ರಚಾರದಲ್ಲಿಲ್ಲ. 19ನೇ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲಿಷ್ ದೊರೆಗಳು ಇಲ್ಲಿ ತೋಟ ತೆರೆದರು. ಹಲವರು ಕಾಡನ್ನು ಬೋಳು ಮಾಡಿ ಗಿಡ ನೆಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಹುಳು ಬಿಸಿಲಿಗೆ ಬಿದ್ದ ತೋಟಗಳನ್ನು ನೆಲಸಮ ಮಾಡಿತು. 1869ರಲ್ಲಿ ಸಿಂಹಳದಲ್ಲಿ ಕಂಡ ಎಲೆ ತುಕ್ಕುರೋಗ ಬೇಗನೆ ಇಲ್ಲಿಗೂ ಬಂತು. ಮೂಲದ ‘ಚಿಕ್’ ತಳಿಯೇ ಕೈಬಿಟ್ಟು ಹೋಯಿತು. ಸಿಂಹಳದವರು ಕಾಫಿ ಬಿಟ್ಟು ಚಹಾ ಹಿಡಿದರು. ನಮ್ಮವರು ನೆರಳಿನ ಮರಗಳನ್ನು ಮತ್ತೆ ಬೆಳೆಸಿ, ತಳಿ ಬದಲಿಸಿ, ಕಾಫಿಯನ್ನು ಉಳಿಸಿಕೊಂಡರು.

“ಅವರು ನೂರಾರು ಎಕರೆ ದೊರೆಗಳು, ಎರಡೆಕರೆಯ ನಮಗೆ ಅವರ ಗೊಡವೆ ಯಾಕೆ ಮಾರಾಯ?” ಎಂದರು ಜೊತೆಗಿದ್ದ ಅಡಿಕೆ ಬೆಳೆಗಾರರೊಬ್ಬರು. ಉತ್ತರ ಬಾಳೆಹೊನ್ನೂರಿನಲ್ಲಿ ದೊರಕಿತು. 1925ರಲ್ಲಿ ಅಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಗಲು ಕಾರಣರಾದವರು ಮೈಸೂರು ಸರ್ಕಾರದ ಕೃಷಿ ನಿರ್ದೇಶಕರಾಗಿದ್ದ, ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್. ಅದಕ್ಕೂ ಮುನ್ನ, 1910ರ ಸುಮಾರಿಗೆ, ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ನಮ್ಮ ತೋಟಗಳಿಗೆ ತಂದವರೂ ಅವರೇ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡೆಕರೆಯವನಿಗೂ ಇನ್ನೂರು ಎಕರೆಯವನಿಗೂ ಅದೇ ಅಳತೆ. ಸ್ನೇಹಿತರು ಮತ್ತೆ ಮಾತನಾಡಲಿಲ್ಲ.

ಈಗ ನನ್ನ ಆತಂಕದ ವಿಷಯ. ಗಿರಿಯ ತಪ್ಪಲಿನ ಕೆಲವು ತೋಟಗಳಲ್ಲಿ ಅತ್ತಿ, ಬಸರಿ, ಹಲಸು ಇಳಿದು ಬರಿಯ ಸಿಲ್ವರ್ ಓಕ್ ಉಳಿದಿದೆ. ಬಯಲಿನ ನಾವು ಅಡಿಕೆ ವಿಸ್ತರಿಸುತ್ತ ಕೊಳವೆಬಾವಿಯನ್ನು ಆಳಕ್ಕಿಳಿಸುತ್ತಿದ್ದೇವೆ. ಎರಡೂ ಒಂದೇ ಕಥೆಯ ಎರಡು ತುದಿ. ವೇದಾ, ಆವತಿ ಎರಡೂ ಹುಟ್ಟುವುದು ಆ ಗಿರಿಸಾಲಿನಲ್ಲೇ. ಒಂದು ಅಯ್ಯನಕೆರೆಯನ್ನು, ಇನ್ನೊಂದು ಮದಗದಕೆರೆಯನ್ನು ತುಂಬಿಸಿ, ಕೆಳಗೆ ಕೂಡಿ ವೇದಾವತಿಯಾಗುತ್ತವೆ. ಮೇಲೆ ಮರ ಕಡಿದರೆ ಮಳೆನೀರು ಇಂಗದೆ ಓಡುತ್ತದೆ. ಕೆಳಗೆ ಬಾವಿ ಬತ್ತುತ್ತದೆ. ಹಳಬರು ನಷ್ಟ ತಿಂದು ಕಲಿತ ಪಾಠವನ್ನು ನಾವು ಮತ್ತೊಮ್ಮೆ ದುಡ್ಡು ತೆತ್ತು ಕಲಿಯಬೇಕೆ?

ಇನ್ನೊಂದು ಮಾತು. ದೊರೆಗಳ ಹೆಸರು ಪುಸ್ತಕಗಳಲ್ಲಿದೆ. ಮೇಸ್ತ್ರಿಗಳ ಮುಂಗಡಕ್ಕೆ ಸಿಕ್ಕಿ ಬಂದು, ಮಲೇರಿಯಾ ಚಳಿಜ್ವರದಲ್ಲಿ ಗುಂಡಿ ತೋಡಿದ ಆಳುಗಳ ಹೆಸರು ಎಲ್ಲೂ ಇಲ್ಲ. ಮೊದಲ ಬೆಳೆಗಾರರನ್ನು ನೆನೆಯುವಾಗ ಇವರನ್ನೂ ನೆನೆಯುವುದು ನ್ಯಾಯ.

ಆದಕಾರಣ ನನ್ನ ಸಲಹೆ: ಪ್ರತಿ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಬಸ್ಸು. ಗಿರಿಯ ಕಡೆಯವರೂ ಬಯಲಿನವರೂ ಜೊತೆಯಾಗಿ ಹೋಗಲಿ. ಮನೆಗೊಬ್ಬರಂತೆ ಮಗನೋ ಮಗಳೋ ಬರಲಿ. ಪ್ರತಿಯೊಬ್ಬರೂ ತಮ್ಮ ತೋಟದ ಒಂದು ತೊಂದರೆಯನ್ನು ಚೀಟಿಯಲ್ಲಿ ಬರೆದುಕೊಂಡು ಬಂದು ಬಾಳೆಹೊನ್ನೂರಿನ ವಿಜ್ಞಾನಿಗಳನ್ನು ಕೇಳಲಿ. ಬುತ್ತಿ ಅವರವರದು, ಬಸ್ಸಿನ ಬಾಡಿಗೆಯಲ್ಲಿ ಅರ್ಧವನ್ನು ಸಂಘ ಭರಿಸಬಹುದೇ ಎಂಬುದನ್ನು ಮುಂದಿನ ಸರ್ವಸದಸ್ಯರ ಸಭೆಯ ವಿಷಯಪಟ್ಟಿಗೆ ಸೇರಿಸಿದ್ದೇನೆ. ದಯವಿಟ್ಟು ಬಂದು ತಮ್ಮ ಅಭಿಪ್ರಾಯ ತಿಳಿಸಿ.

– ಕಾರ್ಯದರ್ಶಿ