ಬೇಸಿಗೆಯ ರಜೆ ಯಾರಿಗೆ?

ಹಪ್ಪಳ ಸಂಡಿಗೆಗಳೂ ಪತ್ರಿಕೆಯ ಅಗ್ರಲೇಖನಕ್ಕೆ ವಸ್ತುವಾದುವೆ ಎಂದು ನಮ್ಮ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಏರಿಸಲಿ. ರಾಜಕಾರಣದ ಚರ್ಚೆಗೆ ವರ್ಷದ ಉಳಿದ ದಿನಗಳೆಲ್ಲ ಮೀಸಲಾಗಿಯೇ ಇರುವುವು. ಏಪ್ರಿಲ್ ಮೇ ತಿಂಗಳುಗಳಲ್ಲಿ ಕನ್ನಡನಾಡಿನ ಮನೆಮನೆಗಳೊಳಗೆ ನಡೆಯುವ ವ್ಯವಹಾರವು ಶಾಸನಸಭೆಯ ವ್ಯವಹಾರಕ್ಕಿಂತ ಕಡಿಮೆಯದೆಂದು ನಮಗೆ ತೋರುವುದಿಲ್ಲ. ಅದರಲ್ಲಿ ನ್ಯಾಯಾನ್ಯಾಯಗಳ ಪ್ರಶ್ನೆಯೊಂದು ಅಡಗಿರುವುದರಿಂದ ಈ ದಿನ ಅದನ್ನೇ ಎತ್ತಿಕೊಂಡಿರುವೆವು.

ಬೇಸಿಗೆಯೆಂದರೆ ನಮ್ಮ ಜನರಿಗೆ ಬರಿಯ ಬಿಸಿಲಿನ ಬಾಧೆಯಲ್ಲ. ಬಿಸಿಲು ಏರಿದಂತೆ ಅದಕ್ಕೆ ತಕ್ಕ ಸುಖಗಳನ್ನೂ ಮನೆಯೊಳಗೇ ಹುಡುಕಿಕೊಂಡ ಜನ ನಾವು. ಶ್ರೀರಾಮನವಮಿಯ ದಿನ ಬೆಲ್ಲ, ಏಲಕ್ಕಿ, ಶುಂಠಿಗಳ ಪಾನಕವೂ ಹೆಸರುಬೇಳೆಯ ಕೋಸಂಬರಿಯೂ ಆರಂಭವಾದುವೆಂದರೆ, ಮುಂದೆ ಮಳೆ ಹಿಡಿಯುವವರೆಗೆ ಒಂದಲ್ಲ ಒಂದು ತಂಪು ಮನೆಯಲ್ಲಿ ಇದ್ದೇ ಇರುವುದು. ಮೈಸೂರಿನ ಕಡೆ ಬೇಲದ ಹಣ್ಣು, ಕರಾವಳಿಯಲ್ಲಿ ಪುನರ್ಪುಳಿ, ಬಯಲುಸೀಮೆಯಲ್ಲಿ ಮಜ್ಜಿಗೆ ಬೆರೆಸಿದ ರಾಗಿಯ ಅಂಬಲಿ. ಸಾಗರ ಶಿರಸಿಗಳ ಸೀಮೆಯಲ್ಲಿ ಅಪ್ಪೆಮಿಡಿಯು ಜಾಡಿಯೊಳಗೆ ಇಳಿಯುವ ಕಾಲ. ಧಾರವಾಡದ ಕಡೆ ಆಪೂಸು ಹುಲ್ಲಿನಲ್ಲಿ ಅಡೆಬಿದ್ದು, ಮಕ್ಕಳು ಬೆಳಗಾದರೆ ಒಂದೊಂದನ್ನೂ ಒತ್ತಿ ನೋಡಿ ಹಣ್ಣಾಯಿತೆಂದು ಸಾಧಿಸುವ ಕಾಲ. ಊಟದ ಮೇಲೆ ತಣ್ಣನೆಯ ನೆಲದ ಮೇಲೆ ಮೈಚಾಚುವುದು, ಅಳಗುಳಿಮಣೆ ಚೌಕಾಬಾರಗಳ ಜಗಳ, ರಾತ್ರಿ ಮಾಳಿಗೆಯ ಮೇಲೆ ಹಾಸಿಗೆಗಳ ಸಾಲು, ಯಾರ ಚಾಪೆ ಯಾರ ಬಳಿ ಎಂಬ ತಗಾದೆ. ಇವುಗಳಿಗೆ ಹಣವೂ ಹೆಚ್ಚಾಗಿ ಬೇಡ, ಪ್ರಯಾಣವೂ ಬೇಡ.

ಮೂಲೆಯಲ್ಲಿ ಮರಳಿನ ಮೇಲೆ ಕುಳಿತ ಮಣ್ಣಿನ ಮಡಕೆಯನ್ನೇ ನೋಡಿರಿ. ಅದರ ಮೈಯ ಸೂಕ್ಷ್ಮರಂಧ್ರಗಳಿಂದ ಒಸರಿದ ನೀರು ಆವಿಯಾಗಿ ಹೋಗುವಾಗ ಒಳಗಿನ ನೀರಿನ ಶಾಖವನ್ನು ಕೊಂಡೊಯ್ಯುವುದು. ವಿಜಯಪುರದ ಒಣಹವೆಯಲ್ಲಿ ಅದು ಕೊಡುವ ತಂಪನ್ನು ಮಂಗಳೂರಿನ ಆರ್ದ್ರಹವೆಯಲ್ಲಿ ಕೊಡಲಾರದೆಂಬುದು ನಿಜ. ಆದರೂ ಲಾವಂಚದ ಬೇರು ಹಾಕಿದ ಮಡಕೆಯ ನೀರಿನ ರುಚಿಯನ್ನು ಶೀತಪೆಟ್ಟಿಗೆಯ ಸೀಸೆಯಲ್ಲಿ ಕಂಡವರಾರೂ ಇಲ್ಲ. ಇಷ್ಟನ್ನು ನಾವೆಲ್ಲರೂ ಬಲ್ಲೆವು, ಹೊಗಳುವೆವು. ಆ ಮಡಕೆಯನ್ನು ದಿನವೂ ತಿಕ್ಕಿ ತೊಳೆದು ಮತ್ತೆ ತುಂಬಿದವರು ಯಾರೆಂದು ಮಾತ್ರ ಕೇಳುವ ಪದ್ಧತಿಯಿಲ್ಲ.

ಅದನ್ನೇ ಈಗ ಕೇಳಬೇಕಾಗಿದೆ. ಏಪ್ರಿಲ್ ಹತ್ತರ ಸುಮಾರಿಗೆ ನಮ್ಮ ಶಾಲೆಗಳು ಬಾಗಿಲು ಮುಚ್ಚಿದರೆ ಮೇ ತಿಂಗಳ ಕೊನೆಯಲ್ಲಿ ತೆರೆಯುವುವು. ವಿದ್ಯಾರ್ಥಿಗೆ ರಜೆ, ಉಪಾಧ್ಯಾಯರಿಗೆ ರಜೆ. ಉಚ್ಚ ನ್ಯಾಯಾಲಯಕ್ಕೂ ಬೇಸಿಗೆಯ ರಜೆಯುಂಟು. ಅಡುಗೆಮನೆಯೊಂದಕ್ಕೆ ಮಾತ್ರ ಆ ದಿನಗಳಲ್ಲಿಯೇ ದುಡಿಮೆ ಇಮ್ಮಡಿಯಾಗುವುದು. ಶಾಲೆಗೆ ಹೋಗುತ್ತಿದ್ದಾಗ ಹೊತ್ತುಹೊತ್ತಿಗೆ ಹಸಿಯುತ್ತಿದ್ದ ಮಕ್ಕಳಿಗೆ ರಜೆಯಲ್ಲಿ ಗಂಟೆಗೊಮ್ಮೆ ಹಸಿವು. ಅಜ್ಜಿಯ ಮನೆಯ ಸುಖವನ್ನು ಕುರಿತು ನಾವು ಎಷ್ಟೆಷ್ಟೋ ಬರೆದಿರುವೆವು. ಹನ್ನೆರಡು ಮಂದಿ ಮೊಮ್ಮಕ್ಕಳು ಒಮ್ಮೆಗೇ ಬಂದಿಳಿದ ಮನೆಯಲ್ಲಿ ಅಜ್ಜಿ ಎಷ್ಟು ಗಂಟೆಗೆ ಮಲಗಿದಳೆಂದು ಬರೆದವರು ವಿರಳ.

ಸಂಡಿಗೆಯ ಕೆಲಸವನ್ನು ಹತ್ತಿರದಿಂದ ನೋಡದವರಿಗಾಗಿ ಒಂದಿಷ್ಟು ವಿವರಿಸುವೆವು. ಅಕ್ಕಿಯನ್ನು ಎರಡು ಮೂರು ದಿನ ನೆನೆಹಾಕಿ, ದಿನವೂ ನೀರು ಬದಲಿಸಿ, ನುಣ್ಣಗೆ ರುಬ್ಬಿಡಬೇಕು. ಬಿಸಿಲೇರುವ ಮೊದಲೇ ಹಿಟ್ಟು ಸಿದ್ಧವಾಗಬೇಕಾದುದರಿಂದ ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಬೇಕು. ಕುದಿಯುವ ಎಸರಿಗೆ ಹಿಟ್ಟು ಬಿಟ್ಟು, ಗಂಟುಕಟ್ಟದಂತೆ, ತಳಹತ್ತದಂತೆ ಕೋಲಿನಿಂದ ತೊಳಸುತ್ತಲೇ ಇರಬೇಕು. ಗಟ್ಟಿಯಾದಂತೆ ಕೋಲು ಕೈಗೆ ಎದುರಾಡುವುದು. ಅದು ಆರುವ ಮೊದಲೇ ಮಾಳಿಗೆಗೆ ಹೊತ್ತು, ಒದ್ದೆ ಪಂಚೆಯನ್ನು ಹಾಸಿ, ಬಗ್ಗಿ ಕುಳಿತು ಸಾಲುಸಾಲಾಗಿ ಇಡಬೇಕು ಅಥವಾ ಒತ್ತಬೇಕು. ಅಷ್ಟರಲ್ಲಿ ಬೆನ್ನ ಮೇಲೆ ಬಿಸಿಲು. ಸಂಜೆ ಪಂಚೆಯ ಹಿಂಬದಿಗೆ ನೀರು ಚಿಮುಕಿಸಿ ಒಂದೊಂದನ್ನಾಗಿ ಬಿಡಿಸಿ, ಮರುದಿನ ಮತ್ತೆ ಹರವಿ, ಮೂರು ನಾಲ್ಕು ಬಿಸಿಲು ಕಾಣಿಸಿದ ಮೇಲೆ ಡಬ್ಬಕ್ಕೆ ಸೇರಿತು. ಇನ್ನು ಮಲೆನಾಡಿನ ಹಲಸಿನ ಹಪ್ಪಳವೋ! ಮೇಣ ಅಂಟದಂತೆ ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಒರಳಿನಲ್ಲಿ ಕುಟ್ಟಿ, ಉಂಡೆಮಾಡಿ, ಮಣೆಯ ಅಡಿಯಲ್ಲಿ ಒತ್ತಿ, ಚಾಪೆಯ ಮೇಲೆ ಹರವುವ ಆ ಶ್ರಮವನ್ನು ಕಂಡವರು ಊಟದಲ್ಲಿ ಎರಡನೆಯ ಹಪ್ಪಳವನ್ನು ಕೇಳುವಾಗ ಕೊಂಚ ಸಂಕೋಚಪಟ್ಟಾರು.

ಈಚೆಗೆ ಎಲ್ಲಿ ನೋಡಿದರೂ ಒಂದು ಗೊಣಗಾಟವು ಕೇಳಿಬರುತ್ತಿರುವುದು. ಈ ಕಾಲದ ಹೆಣ್ಣುಮಕ್ಕಳಿಗೆ ಸಂಡಿಗೆ ಹಪ್ಪಳಗಳ ಕೈವಾಡ ತಿಳಿಯದು, ಎಲ್ಲವೂ ಅಂಗಡಿಯ ಪೊಟ್ಟಣವಾಯಿತು, ಮನೆಯ ಬೇಸಿಗೆಯ ಸೊಬಗೇ ಹೋಯಿತು ಎಂಬುದು ಅದರ ಸಾರ. ಸೊಬಗು ಕುಂದುತ್ತಿರುವುದಕ್ಕೆ ನಮಗೂ ವ್ಯಸನವುಂಟು. ಆದರೆ ದೋಷವನ್ನು ಹೆಣ್ಣುಮಕ್ಕಳ ಸೋಮಾರಿತನದ ತಲೆಗೆ ಕಟ್ಟುವುದನ್ನು ನಾವು ಎಂದಿಗೂ ಒಪ್ಪಲಾರೆವು. ಹಾಗೆ ಗೊಣಗುವ ಮಹಾಶಯರಲ್ಲಿ ಹಿಟ್ಟಿನ ಕೋಲನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದವರೆಷ್ಟು ಮಂದಿ? ಗಂಡನಂತೆಯೇ ಬೆಳಗ್ಗೆ ಒಂಬತ್ತಕ್ಕೆ ಕಚೇರಿಗೋ ಕಾರ್ಖಾನೆಗೋ ಹೊರಡುವ ಗೃಹಿಣಿಯು ಬೆಳಗಿನ ನಾಲ್ಕು ಗಂಟೆಗೆ ಸಂಡಿಗೆಯ ಎಸರನ್ನೂ ಇಡಬೇಕೆಂದು ಬಯಸುವುದು ಸಂಸ್ಕೃತಿಯ ಅಭಿಮಾನವಲ್ಲ. ಅದು ಬಾಯಿರುಚಿಯ ಸ್ವಾರ್ಥ.

ನಮ್ಮ ಮಾತು ಬರಿಯ ಆವೇಶವೆಂದು ಎಣಿಸುವವರಿಗೆ ಅಂಕಿಗಳನ್ನು ಕೊಡುವೆವು. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸವನ್ನು ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವೆಚ್ಚಮಾಡುತ್ತಿದ್ದರು. ಅದೇ ಕೆಲಸವನ್ನು ಮಾಡುವ ಗಂಡಸರು 97 ನಿಮಿಷಗಳನ್ನು. ಅದೂ ನೂರು ಮಂದಿ ಗಂಡಸರಲ್ಲಿ ಅಂತಹ ಕೆಲಸಕ್ಕೆ ಕೈಹಾಕಿದವರು ಇಪ್ಪತ್ತಾರರಷ್ಟು ಮಾತ್ರ. 2024ರ ಸಮೀಕ್ಷೆಯಲ್ಲಿ ಆ ಲೆಕ್ಕವು 289 ಮತ್ತು 88 ನಿಮಿಷಗಳಿಗೆ ಇಳಿಯಿತು. ಹೆಂಗಸರಿಗೆ ಹತ್ತು ನಿಮಿಷ ಉಳಿದುದನ್ನು ಕಂಡು ಗಂಡಸರೂ ಹಿಂದೆ ಬೀಳಬಾರದೆಂದು ಒಂಬತ್ತು ನಿಮಿಷವನ್ನು ಉಳಿಸಿಕೊಂಡರು!

ಹಾಗಾದರೆ ಹಿಂದಿನವರು ಇಷ್ಟೆಲ್ಲವನ್ನೂ ನಗುನಗುತ್ತ ಮಾಡುತ್ತಿದ್ದರಲ್ಲ ಎಂದು ಕೇಳಬಹುದು. ಅಂದಿನವರಿಗೆ ಆಯಾಸವೇ ಇರಲಿಲ್ಲವೆಂದು ನಾವು ಹೇಳಲಾರೆವು. ಅದನ್ನು ಹೇಳಿಕೊಳ್ಳುವ ಸ್ವಾತಂತ್ರ್ಯವು ಅವರಿಗಿರಲಿಲ್ಲ. ಆದರೆ ಅವರಿಗೆ ಕೈಗಳ ಕೊರತೆಯಿರಲಿಲ್ಲವೆಂಬುದು ನಿಜ. ನಮ್ಮ ರೈತರಲ್ಲಿ ಮುಯ್ಯಾಳಿನ ಪದ್ಧತಿಯೆಂಬುದೊಂದುಂಟು: ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಇದೇ ಕ್ರಮವು ಹಪ್ಪಳ ಶಾವಿಗೆಗಳಿಗೂ ನಡೆಯುತ್ತಿತ್ತು. ಉತ್ತರ ಕರ್ನಾಟಕದ ಮನೆಯ ಕಟ್ಟೆಗಳ ಮೇಲೆ ಶಾವಿಗೆಯ ಮಣೆಯನ್ನು ಇಟ್ಟರೆ ಓಣಿಯ ಹೆಂಗಸರೆಲ್ಲರೂ ಬಂದು ಕೂಡುತ್ತಿದ್ದರು. ಒಬ್ಬಳು ಹೊಸೆದರೆ ಒಬ್ಬಳು ಹಿಡಿದು ಕೋಲಿಗೆ ಹಾಕುವಳು, ಮತ್ತೊಬ್ಬಳು ಹಾಡುವಳು. ಒಂದು ಮನೆಯ ಕೆಲಸ ಮುಗಿದರೆ ಮುಂದಿನ ಮನೆಗೆ. ಸುಖದುಃಖದ ಮಾತು, ಸೊಸೆಯರ ದೂರು, ಅತ್ತೆಯರ ದೂರು, ಎಲ್ಲವೂ ಅಲ್ಲಿಯೇ ಹೊರಬಂದು ಹಗುರಾಗುತ್ತಿದ್ದುವು. ಅದು ಸಂಡಿಗೆಯ ಸುಖವೆಂದು ನಾವು ಎಣಿಸಿದುದು ವಾಸ್ತವವಾಗಿ ಜೊತೆಯ ಸುಖ. ಇಂದು ಪಟ್ಟಣದ ಏಳನೆಯ ಅಂತಸ್ತಿನ ಮನೆಯಲ್ಲಿ, ಎದುರುಬಾಗಿಲಿನವರ ಹೆಸರೂ ತಿಳಿಯದೆ ಒಬ್ಬಳೇ ನಿಂತು ಹಿಟ್ಟು ತೊಳಸುವವಳಿಗೆ ಆ ಸುಖವೆಲ್ಲಿಂದ ಬರಬೇಕು? ಅವಳಿಗೆ ಉಳಿದಿರುವುದು ದುಡಿಮೆಯೊಂದೇ. ಜೊತೆಯನ್ನು ಕಳೆದವರು ನಾವೆಲ್ಲರೂ, ಅಪವಾದ ಅವಳೊಬ್ಬಳಿಗೆ.

ಇದು ದುಡಿಮೆಯೇ ಹೊರತು ಹೊತ್ತುಕಳೆಯುವ ವಿನೋದವಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯವೇಕೆ? 1959ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು ಎಂಬತ್ತು ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಒತ್ತಲಾರಂಭಿಸಿದರು. ಅದೇ ಲಿಜ್ಜತ್ ಸಂಸ್ಥೆಯಾಗಿ ಬೆಳೆದು ಸಹಸ್ರಾರು ಹೆಂಗಸರಿಗೆ ಜೀವನಾಧಾರವಾಯಿತು; ಸ್ಥಾಪಕಿಯರಲ್ಲೊಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಘೋಷಿತವಾಯಿತು. ಬೆಲೆ ಕಟ್ಟಿದಾಗ ಉದ್ಯಮವೆನಿಸಿದ ಕೆಲಸವೇ ಮನೆಯ ಮಾಳಿಗೆಯ ಮೇಲೆ ನಡೆದಾಗ ಲೆಕ್ಕಕ್ಕಿಲ್ಲದುದಾಗುವುದು ಯಾವ ನ್ಯಾಯ? ನಮ್ಮ ನಾಡಿನಲ್ಲಿಯೂ ಸ್ತ್ರೀಶಕ್ತಿ ಸಂಘಗಳವರು ಹಪ್ಪಳ ಉಪ್ಪಿನಕಾಯಿಗಳನ್ನು ಮಾಡಿ ಮಾರುತ್ತಿರುವರು. ಸಾಧ್ಯವಿಲ್ಲದವರು ಅವರಿಂದ ಕೊಳ್ಳಲಿ. ಅದರಲ್ಲಿ ಮನೆತನದ ಮಾನವೇನೂ ಹೋಗದು. ಆದರೆ ಹಸಿ ಹಿಟ್ಟನ್ನು ಕದ್ದು ತಿಂದು ಬೈಸಿಕೊಳ್ಳುವ ಸುಖವು, ಕೋಲು ಹಿಡಿದು ಕಾಗೆಯನ್ನು ಅಟ್ಟುವ ಅಧಿಕಾರವು, ಅರೆ ಒಣಗಿದ ಸಂಡಿಗೆಯನ್ನು ಯಾರಿಗೂ ಕಾಣದಂತೆ ಬಾಯಿಗೆ ಹಾಕಿಕೊಳ್ಳುವ ಸಾಹಸವು ಯಾವ ಅಂಗಡಿಯಲ್ಲಿಯೂ ದೊರೆಯದೆಂಬುದನ್ನು ಮರೆಯಲಾಗದು. ರಜೆ ಬಂದೊಡನೆ ಮಕ್ಕಳನ್ನು ಹಣ ತೆತ್ತು ಶಿಬಿರಗಳಿಗೆ ಕಳುಹಿಸಿ, ಮಣ್ಣಿನ ಆಟ, ಕೈಕೆಲಸಗಳ ಪಾಠ ಹೇಳಿಸುವ ತಂದೆತಾಯಿಗಳು ಇದನ್ನು ಕೊಂಚ ಯೋಚಿಸಬೇಕು. ಕೈಕೆಲಸದ ಪಾಠಶಾಲೆ ಮನೆಯ ಮಾಳಿಗೆಯ ಮೇಲೆಯೇ ಇದ್ದಿತು.

ಆದುದರಿಂದ ನಮ್ಮ ಸೂಚನೆಯು ಸಂಡಿಗೆಯನ್ನು ಬಿಡಬೇಕೆಂಬುದಲ್ಲ. ಅದು ಇಡೀ ಮನೆಯ ಕೆಲಸವಾಗಬೇಕೆಂಬುದು. ಗಂಡಸರಿಗೆ ಇದು ಅಗೌರವವೆಂದು ಯಾರಾದರೂ ಮೂಗುಮುರಿದರೆ, ಅಡುಗೆ ಚೆನ್ನಾದಾಗ ನಾವು ಹೊಗಳುವುದು ನಳಪಾಕವೆಂದು, ಭೀಮಪಾಕವೆಂದು ಎಂಬುದನ್ನು ನೆನಪಿಗೆ ತರುವೆವು. ನಳನು ಚಕ್ರವರ್ತಿ, ಭೀಮನು ವಿರಾಟನ ಅರಮನೆಯಲ್ಲಿ ವರ್ಷವಿಡೀ ಸೌಟು ಹಿಡಿದವನು, ಆ ಮೇಲೆ ಗದೆ ಹಿಡಿಯುವುದಕ್ಕೆ ಅವನ ಕೈಗೇನೂ ಕುಂದು ಬರಲಿಲ್ಲ. 1025ರ ಸುಮಾರಿನಲ್ಲಿ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನಕೊಟ್ಟನು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ಬರೆದನು. ಕನ್ನಡದ ವಿದ್ವಾಂಸರಿಗೆ ಹೊಂದಿದ ಅಡುಗೆಮನೆಯು ಇಂದಿನ ಗುಮಾಸ್ತರಿಗೂ ಅಧಿಕಾರಿಗಳಿಗೂ ಹೊಂದದೆ ಹೋಗುವುದೆ?

ಹಿರಿಯ ಗಂಡುಮಗನು ರುಬ್ಬಲಿ. ಈಗ ಯಂತ್ರವೇ ರುಬ್ಬುವುದರಿಂದ ಅದನ್ನು ತೊಳೆದಿಡುವುದನ್ನಾದರೂ ಕಲಿಯಲಿ. ಭಾರದ ಪಾತ್ರೆಯನ್ನು ಯಜಮಾನರು ಮಾಳಿಗೆಗೆ ಹೊರಲಿ. ಎದುರುಮನೆಯವರನ್ನು ಕರೆಯಲಿ, ಮರುವಾರ ಅವರಲ್ಲಿಗೆ ತಾವೂ ಹೋಗಲಿ. ಹುಡುಗ ಹುಡುಗಿಯರೆಂಬ ಭೇದವಿಲ್ಲದೆ ಕಾಗೆ ಕಾಯಲಿ. ಆ ದಿನದ ಮಧ್ಯಾಹ್ನದ ಅಡುಗೆಯನ್ನು ಮನೆಯೊಡತಿಯೊಬ್ಬಳನ್ನು ಬಿಟ್ಟು ಬೇರೆ ಯಾರು ಮಾಡಿದರೂ ಆದೀತು. ಮೊಸರನ್ನವೇ ಆದರೂ ಬೇಸಿಗೆಯಲ್ಲಿ ಯಾರೂ ಬೇಡವೆನ್ನರು.

ಭರಣಿಯ ಮಳೆ ಏಪ್ರಿಲಿನ ಕೊನೆಯ ವಾರಕ್ಕೆ ಬರುವುದು; ಅದರ ಹಿಂದೆ ಕೃತ್ತಿಕೆ, ರೋಹಿಣಿ. ಮಧ್ಯಾಹ್ನ ಮೂರರ ಹೊತ್ತಿಗೆ ಪಡುವಣದಲ್ಲಿ ಮೋಡ ಕವಿದರೆ ಮಾಳಿಗೆಯ ಮೇಲಿನದನ್ನೆಲ್ಲ ಕಾಲುಗಂಟೆಯೊಳಗೆ ಒಳಗೆ ತರಬೇಕಾಗುವುದು. ಆ ಹೊತ್ತಿಗೆ ಮನೆಯಲ್ಲಿ ನಿದ್ರಿಸುತ್ತಿರುವ ಮಹನೀಯರು ಈ ವರ್ಷ ಮೊದಲು ತಾವೇ ಎದ್ದು ಮೆಟ್ಟಿಲು ಹತ್ತುವರೆಂದು ನಂಬುವೆವು. ಚಾಪೆಯನ್ನು ಮಾತ್ರ ಎರಡು ಬದಿಯಿಂದಲೂ ಹಿಡಿಯಬೇಕು. ಒಬ್ಬರೇ ಎಳೆದರೆ ಸಂಡಿಗೆಯೆಲ್ಲವೂ ಮುರಿದುಹೋಗುವುದು.